ಗುಂಡಿಯ ಲೆಕ್ಕ ಕೊಡಿ, ಸಸಿಯ ಲೆಕ್ಕ ಸಾಕು

ಜೂನ್ 5 ಬಂತೆಂದರೆ ನಮ್ಮ ಭಾಗದ ಶಾಲೆ, ಕಚೇರಿ, ಕಾರ್ಖಾನೆಗಳ ಅಂಗಳದಲ್ಲಿ ಸಸಿಗಳು ಸಾಲಾಗಿ ಬಂದು ನಿಲ್ಲುತ್ತವೆ. ಅತಿಥಿಗಳು ಬರುತ್ತಾರೆ. ಮೊದಲೇ ತೋಡಿಟ್ಟ ಕುಣಿಯಲ್ಲಿ ಸಸಿಯನ್ನಿಟ್ಟು, ಹಿಡಿ ಮಣ್ಣು ಸರಿಸಿ, ತಂಬಿಗೆ ನೀರೆರೆದು, ಕ್ಯಾಮೆರಾದತ್ತ ಮುಖ ಮಾಡುತ್ತಾರೆ. ಮರುದಿನ ಪತ್ರಿಕೆಯಲ್ಲಿ ನೆಟ್ಟ ಸಸಿಗಳ ಸಂಖ್ಯೆ ಅಚ್ಚಾಗುತ್ತದೆ. ಮುಂದಿನ ಜೂನ್ 5ಕ್ಕೆ ಅದೇ ಕುಣಿಯಲ್ಲಿ ಮತ್ತೊಂದು ಸಸಿ. ಹಿಂದಿನದು ಏನಾಯಿತೆಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಇದನ್ನು ಹೊರಗೆ ನಿಂತು ಆಡಿಕೊಳ್ಳುತ್ತಿಲ್ಲ. ನಾನೂ ಆ ಸಾಲಿನಲ್ಲಿ ನಿಂತವನೇ. ಕೆಲವು ವರ್ಷಗಳ ಹಿಂದೆ ಶಹಾಬಾದದ ಕಡೆಯ ಹಳೆಯ ಕಲ್ಲಿನ ಖಣಿಯೊಂದರ ಮಗ್ಗುಲಲ್ಲಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಮುನ್ನೂರು ಸಸಿ ನೆಡಿಸಿದೆ. ಕೃಷಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವನು ಮಣ್ಣಿನ ಆಳವನ್ನು ಅಳೆಯದೆ ನೆಡಿಸಿದನೆಂಬುದು ನಾಚಿಕೆಯ ಮಾತು, ಆದರೂ ಬರೆಯುತ್ತಿದ್ದೇನೆ. ಮೇಲೆ ಒಂದು ಗೇಣು ಕಲ್ಲಿನ ಚೂರು, ಅದರಡಿ ಬರೀ ಹಾಸುಬಂಡೆ. ಹೋಳಿ ಹುಣ್ಣಿಮೆಯ ಹೊತ್ತಿಗೆ ಬದುಕುಳಿದವು ಹನ್ನೊಂದು. ಒಣಗಿದ ಕಡ್ಡಿಗಳನ್ನು ಎಣಿಸುತ್ತಿದ್ದ ನನ್ನನ್ನು ಕಂಡು ಅಲ್ಲಿ ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳು ಹೇಳಿದಳು: "ಸಾಹೇಬ್ರ, ಕಲ್ಲಿನ ಮ್ಯಾಲ ಗಿಡ ಹಚ್ಚೀರಿ, ಬೇರು ಎಲ್ಲಿಗಿ ಹೋಗಬೇಕ್ರಿ? ಮಣ್ಣು ಒಯ್ದೋರು ಯಾರೋ, ಮೊದಲ ಅವರಿಗಿ ಮಣ್ಣು ತಂದು ಹಾಕ ಅನ್ರಿ."

ಆಕೆಯ ಮಾತೇ ಈ ಲೇಖನದ ಸಾರ. ನಮ್ಮ ಭಾಗದಲ್ಲಿ ಪರಿಸರದ ಕೆಲಸವೆಂದರೆ ಸಸಿಗಳನ್ನು ಎಣಿಸುವುದಲ್ಲ; ತೆಗೆದ ಗುಂಡಿಯ ಲೆಕ್ಕ ಕೇಳುವುದು. ಮಣ್ಣು ಎಲ್ಲಿ ಹೋಯಿತು, ನೀರು ಎಲ್ಲಿ ಹೋಯಿತು, ಹಣ ಎಲ್ಲಿ ಹೋಯಿತು ಎಂಬ ಮೂರು ಪ್ರಶ್ನೆಗಳನ್ನು ಬಿಟ್ಟು ಮಾಡುವ ಹಸಿರು ಕಾರ್ಯಕ್ರಮವೆಲ್ಲ ಗೋಡೆಗೆ ಬಳಿದ ಬಣ್ಣ.

ಒಂದೇ ಕಲ್ಲು, ಎರಡು ದಾರಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಯ ತಗ್ಗು ಪ್ರದೇಶಗಳು ಒಂದೇ ಸುಣ್ಣದ ಕಲ್ಲಿನ ಹಾಸಿನ ಮೇಲೆ ಕುಳಿತಿವೆ. ಭೂವಿಜ್ಞಾನಿಗಳು ಇದನ್ನು ಭೀಮಾ ಕೊಳ್ಳದ ಶಿಲಾಸ್ತರವೆನ್ನುತ್ತಾರೆ. ಪುರಾತನ ಸಮುದ್ರದ ತಳದಲ್ಲಿ ಪದರಪದರವಾಗಿ ಕುಳಿತ ಸುಣ್ಣದ ಕೆಸರು ಕಲ್ಲಾಯಿತು. ಆದ್ದರಿಂದಲೇ ಅದು ರೊಟ್ಟಿಯಂತೆ ತೆಳ್ಳಗೆ ಏಳುತ್ತದೆ. ದೇಶದ ಉದ್ದಗಲಕ್ಕೂ ಮನೆ, ಅಂಗಳ, ರೈಲು ನಿಲ್ದಾಣಗಳ ನೆಲಕ್ಕೆ ಹಾಸಿದ ಶಹಾಬಾದ ಕಲ್ಲು, ನಮ್ಮ ಜನರ ಬಾಯಲ್ಲಿ ಪರಸಿ, ಇದೇ.

ಈ ಕಲ್ಲನ್ನು ಸುಡದೆ ಬಳಸಿದವರೂ ಇಲ್ಲಿದ್ದರು. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಬೌದ್ಧ ಸ್ತೂಪಕ್ಕೆ ಹೊದಿಸಿದ ಶಿಲ್ಪಫಲಕಗಳು ಸುಣ್ಣದ ಕಲ್ಲಿನವು. ರಾಜ ಅಶೋಕನೆಂದು ಹೆಸರು ಕೊರೆದ ಶಿಲ್ಪ ದೊರೆತದ್ದು ಅಲ್ಲಿಯೇ. ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟದ ಕೋಟೆಯ ಗೋಡೆಗಳೂ ಇದೇ ಕಲ್ಲಿನವು. ಅದೇ ಕಲ್ಲನ್ನು ಪುಡಿಮಾಡಿ 1,450 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಟ್ಟರೆ ಸಿಮೆಂಟಿನ ಕ್ಲಿಂಕರ್.

ನಿಜಾಮರ ಆಳ್ವಿಕೆಯ ಕಾಲದಲ್ಲಿಯೇ ಶಹಾಬಾದದಲ್ಲಿ ಸಿಮೆಂಟ್ ತಯಾರಾಗುತ್ತಿತ್ತು. 1936ರಲ್ಲಿ ಹಲವು ಕಂಪನಿಗಳು ಒಂದುಗೂಡಿ ಎ.ಸಿ.ಸಿ. ರೂಪುಗೊಂಡಾಗ ಶಹಾಬಾದ ಸಿಮೆಂಟ್ ಕಂಪನಿಯೂ ಅವುಗಳಲ್ಲೊಂದಾಗಿತ್ತು. 1960ರ ದಶಕದಲ್ಲಿ ವಾಡಿ, 1980ರ ದಶಕದಲ್ಲಿ ಸೇಡಂ ಮತ್ತು ಮಳಖೇಡ, ಈ ಶತಮಾನದಲ್ಲಿ ಚಿಂಚೋಳಿಯ ಛತ್ರಸಾಲ, ಚಿತ್ತಾಪುರದ ಇಟಗಾ, ಸೇಡಂನ ಕೋಡ್ಲಾ ಹೀಗೆ ಚಿಮಣಿಗಳ ಸಾಲು ಬೆಳೆಯಿತು. ಶಹಾಬಾದದ ಆ ಹಳೆಯ ಕಾರ್ಖಾನೆಯ ಒಲೆ ಆರಿತು. ಗುಂಡಿಗಳು ಉಳಿದವು. ಉಳಿದ ಊರುಗಳವರು ತಮ್ಮ ನಾಳೆಯನ್ನು ನೋಡಬೇಕೆಂದರೆ ಶಹಾಬಾದಕ್ಕೆ ಹೋಗಿಬಂದರೆ ಸಾಕು.

ಒಂದು ಸರಳ ಗಣಿತ

ವಿದ್ಯಾರ್ಥಿ ಮಿತ್ರರು ಕಾಗದ, ಪೆನ್ನು ತೆಗೆದುಕೊಳ್ಳಲಿ. ಒಂದು ಟನ್ ಸಾದಾ ಸಿಮೆಂಟಿಗೆ ಸುಮಾರು 1.4 ಟನ್ ಸುಣ್ಣದ ಕಲ್ಲು ಬೇಕು. ಹಾರುಬೂದಿ ಬೆರೆಸಿದ ಸಿಮೆಂಟಿಗೆ ಇದಕ್ಕಿಂತ ಕಡಿಮೆ ಸಾಕು. ಒಂದು ಘನ ಮೀಟರ್ ಕಲ್ಲು ಸುಮಾರು ಎರಡೂವರೆ ಟನ್ ತೂಗುತ್ತದೆ. ವರ್ಷಕ್ಕೆ 10 ಲಕ್ಷ ಟನ್ ಸಾದಾ ಸಿಮೆಂಟ್ ತಯಾರಿಸಲು 14 ಲಕ್ಷ ಟನ್ ಕಲ್ಲು, ಅಂದರೆ 5 ಲಕ್ಷ 60 ಸಾವಿರ ಘನ ಮೀಟರ್ ಅಗೆಯಬೇಕು. ಹತ್ತು ಮೀಟರ್ ಆಳ ಅಗೆದರೆ ವರ್ಷಕ್ಕೆ ಐದೂವರೆ ಹೆಕ್ಟೇರಿಗೂ ಹೆಚ್ಚು, ಹತ್ತಿರ ಹತ್ತಿರ 14 ಎಕರೆ ನೆಲ ಗುಂಡಿಯಾಗುತ್ತದೆ. ನಮ್ಮ ಭಾಗದ ದೊಡ್ಡ ಕಾರ್ಖಾನೆಗಳ ಸಾಮರ್ಥ್ಯ ಇದರ ಹಲವು ಪಟ್ಟು ಎಂಬುದನ್ನು ನೆನಪಿಡಿ.

ಆ 14 ಎಕರೆ ಎರೆಭೂಮಿಯಲ್ಲಿ ಎಕರೆಗೆ ನಾಲ್ಕು ಕ್ವಿಂಟಾಲ್ ಎಂದರೂ ವರ್ಷಕ್ಕೆ 56 ಕ್ವಿಂಟಾಲ್ ತೊಗರಿ ಬರುತ್ತಿತ್ತು. ಕಲ್ಲು ಒಮ್ಮೆ ಮಾತ್ರ ಬರುತ್ತದೆ. ತೊಗರಿ ಪ್ರತಿ ವರ್ಷ ಬರುತ್ತದೆ. ಮುಂದಿನ ವರ್ಷ ಮತ್ತೆ 14 ಎಕರೆ, ಅದರ ಮುಂದಿನ ವರ್ಷ ಮತ್ತೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಬೇಳೆಯ ರುಚಿಗೆ ಈ ನೆಲದ ಸುಣ್ಣವೂ ಎರೆಮಣ್ಣೂ ಕಾರಣವೆಂದು ಭಾಷಣ ಮಾಡಿದೆವು. ಮಾನ್ಯತೆಯ ಪತ್ರವನ್ನು ಗೋಡೆಗೆ ತೂಗುಹಾಕಿ ನೆಲವನ್ನು ಅಗೆಯಲು ಬಿಟ್ಟರೆ ಆ ಪತ್ರಕ್ಕೆ ಅರ್ಥವೇನು?

ಇನ್ನೊಂದು ಲೆಕ್ಕ. ಐವತ್ತು ಕಿಲೋ ತೂಕದ ಸಾದಾ ಸಿಮೆಂಟಿನ ಒಂದು ಚೀಲದ ಹಿಂದೆ ಸುಮಾರು 70 ಕಿಲೋ ಕಲ್ಲಿದೆ. ಕಲ್ಲು ಸುಡುವಾಗಲೇ ಅದರೊಳಗಿಂದ ಸುಮಾರು 25 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬಿದ್ದಿರುತ್ತದೆ. ಕಲ್ಲಿದ್ದಲಿನ ಹೊಗೆ ಬೇರೆ. ಸುಣ್ಣದ ಕಲ್ಲಿಗೆ 2014ರಲ್ಲಿ ಕೇಂದ್ರ ಸರ್ಕಾರ ನಿಗದಿಪಡಿಸಿದ ರಾಜಧನ ಟನ್ನಿಗೆ 80 ರೂಪಾಯಿ. ಆ ದರದಲ್ಲಿ ಒಂದು ಚೀಲಕ್ಕೆ ಬೀಳುವ ರಾಜಧನ 5 ರೂಪಾಯಿ 60 ಪೈಸೆ. 2015ರಲ್ಲಿ ಗಣಿ ಕಾಯ್ದೆಗೆ ತಂದ ತಿದ್ದುಪಡಿಯಂತೆ ಗಣಿಬಾಧಿತ ಜನರಿಗಾಗಿ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಸ್ಥಾಪನೆಯಾಗಬೇಕು. ಅದಕ್ಕೆ ಹಳೆಯ ಗುತ್ತಿಗೆದಾರರು ರಾಜಧನದ ಶೇ 30ರಷ್ಟು, ಹರಾಜಿನಲ್ಲಿ ಗುತ್ತಿಗೆ ಪಡೆದ ಹೊಸಬರು ಶೇ 10ರಷ್ಟು ಹೆಚ್ಚುವರಿಯಾಗಿ ಕೊಡಬೇಕು. ಅಂದರೆ ಮುನ್ನೂರು ರೂಪಾಯಿಯ ಆಸುಪಾಸಿನಲ್ಲಿ ಮಾರಾಟವಾಗುವ ಚೀಲದಲ್ಲಿ ಗಣಿಬಾಧಿತ ಹಳ್ಳಿಗೆಂದು ಮೀಸಲಾದುದು ಹೆಚ್ಚೆಂದರೆ 1 ರೂಪಾಯಿ 68 ಪೈಸೆ. ಕಡಿಮೆಯೆಂದರೆ 56 ಪೈಸೆ!

ಅಷ್ಟೂ ಅಲ್ಪ. ಆದರೆ ಲಕ್ಷಾಂತರ ಟನ್ನುಗಳಿಗೆ ಗುಣಿಸಿದಾಗ ಅದು ಕೋಟಿಗಳಾಗುತ್ತದೆ. ಕುಡಿಯುವ ನೀರು, ಪರಿಸರ ರಕ್ಷಣೆ, ಆರೋಗ್ಯ, ಶಿಕ್ಷಣ ಇವೇ ಮೊದಲಾದ ಆದ್ಯತೆಯ ಬಾಬುಗಳಿಗೆ ಅದರ ಬಹುಪಾಲು ಖರ್ಚಾಗಬೇಕೆಂದು ನಿಯಮವೇ ಇದೆ. 2015ರ ಮಾರ್ಗಸೂಚಿಯಲ್ಲಿ ಕನಿಷ್ಠ ಶೇ 60 ಇದ್ದ ಈ ಪಾಲನ್ನು 2024ರಲ್ಲಿ ಶೇ 70ಕ್ಕೆ ಏರಿಸಲಾಯಿತು. ಹಾಗಿದ್ದರೆ, ಓದುಗರೇ, ನಿಮ್ಮ ಗ್ರಾಮಸಭೆಯಲ್ಲಿ ಈ ಹಣದ ಪಟ್ಟಿಯನ್ನು ಓದಿ ಹೇಳಿದ್ದನ್ನು ನೀವು ಎಂದಾದರೂ ಕೇಳಿದ್ದೀರಾ? ಸಮಾರಂಭದಲ್ಲಿ ನೆಟ್ಟ ಸಸಿಗಳ ಸಂಖ್ಯೆ ಬಲ್ಲ ನಮಗೆ ನಮ್ಮದೇ ಹಣದ ಮೊತ್ತ ಗೊತ್ತಿಲ್ಲವೆಂದರೆ ತಪ್ಪು ಯಾರದು?

ಕಾನೂನು ಇದೆ, ಕೇಳುವವರಿಲ್ಲ

'ಗಣಿ ಮುಗಿದ ಮೇಲೆ ಗುಂಡಿ ಉಳಿಯುವುದು ಸಹಜ' ಎಂದು ವಾದಿಸುವವರಿದ್ದಾರೆ. ಸಹಜವಲ್ಲ, ಕಾನೂನುಬಾಹಿರ. 2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳ ಪ್ರಕಾರ ಅಗೆಯುವ ಮೊದಲು ಮೇಲ್ಮಣ್ಣನ್ನು ಪ್ರತ್ಯೇಕವಾಗಿ ತೆಗೆದು, ಕಾಪಾಡಿ, ಅಗೆದು ಮುಗಿಸಿದ ನೆಲದ ಪುನಶ್ಚೇತನಕ್ಕೆ ಬಳಸಬೇಕು. ಗಣಿ ನಡೆಯುತ್ತಿರುವಾಗಲೇ ಹಂತಹಂತದ ಮುಕ್ತಾಯ ಯೋಜನೆ ಇರಬೇಕು. ಮುಚ್ಚುವ ಮೊದಲು ಅಂತಿಮ ಮುಕ್ತಾಯ ಯೋಜನೆ ಸಲ್ಲಿಸಬೇಕು. ಅದಕ್ಕಾಗಿ ಹಣಕಾಸಿನ ಖಾತರಿಯನ್ನೂ ಇಟ್ಟಿರಬೇಕು. 2020ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಣಿಗಾರಿಕೆ ಮುಗಿದ ನೆಲದಲ್ಲಿ ಗುತ್ತಿಗೆದಾರರು ಮತ್ತೆ ಹುಲ್ಲು ಬೆಳೆಸಬೇಕೆಂಬ ಷರತ್ತನ್ನು ವಿಧಿಸುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶನ ನೀಡಿತು. ದನಕರುಗಳಿಗೆ, ವನ್ಯಜೀವಿಗಳಿಗೆ ಮೇವು ಸಿಗುವಂತಹ ನೆಲವಾಗಬೇಕೆಂಬುದು ಅದರ ಆಶಯ. ಕುರಿ, ಆಡು ನಂಬಿ ಬದುಕುವ ನಮ್ಮ ಹಳ್ಳಿಗಳಿಗೆ ಇದಕ್ಕಿಂತ ಹತ್ತಿರದ ಆದೇಶ ಯಾವುದು?

ಪರಸಿ ಕಲ್ಲಿನ ಸಣ್ಣ ಖಣಿಗಳ ಕಥೆ ಬೇರೆ. ಅವು ಉಪಖನಿಜದ ಲೆಕ್ಕದಲ್ಲಿ ರಾಜ್ಯದ ನಿಯಮಗಳಿಗೆ ಒಳಪಡುತ್ತವೆ. ಅಲ್ಲಿ ದುಡಿಯುವವರು ಉಳಿ, ಸುತ್ತಿಗೆ ಹಿಡಿದ ಬಡವರು. ಅವರನ್ನು ದೊಡ್ಡ ಗಣಿಗಳ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ಬಿಟ್ಟುಹೋದ ಖಣಿಗೆ ಯಾರೂ ಹೊಣೆಯಲ್ಲವೆಂಬ ಸ್ಥಿತಿಯನ್ನೂ ಒಪ್ಪಲಾಗದು. ಮಳೆಗಾಲದಲ್ಲಿ ಕಡಿದಾದ ಅಂಚಿನ ಆ ಹೊಂಡಗಳಲ್ಲಿ ಈಜಲು ಇಳಿಯುವವರು ನಮ್ಮದೇ ಮಕ್ಕಳು.

ಕಾನೂನನ್ನು ಜನ ಕೈಗೆತ್ತಿಕೊಂಡಾಗ ಏನಾಗುತ್ತದೆಂಬುದಕ್ಕೆ ನಿದರ್ಶನಗಳಿವೆ. ಉತ್ತರದ ಡೂನ್ ಕಣಿವೆಯ ಗುಡ್ಡಗಳಲ್ಲಿ ಸುಣ್ಣದ ಕಲ್ಲಿನ ಗಣಿಗಳು ತೊರೆಗಳನ್ನು ಬತ್ತಿಸುತ್ತಿವೆಯೆಂದು ಅಲ್ಲಿನ ಒಂದು ಗ್ರಾಮೀಣ ಸಂಸ್ಥೆ ಬರೆದ ಪತ್ರವನ್ನೇ ಸರ್ವೋಚ್ಚ ನ್ಯಾಯಾಲಯ ಅರ್ಜಿಯೆಂದು ಸ್ವೀಕರಿಸಿ, 1985ರಲ್ಲಿ ಹಲವು ಗಣಿಗಳನ್ನು ಮುಚ್ಚಿಸಿತು. ಸುಣ್ಣದ ಕಲ್ಲಿನ ಪದರು ಬರೀ ಖನಿಜವಲ್ಲ, ನೀರಿನ ಕಣಜವೂ ಹೌದು ಎಂಬುದು ಆ ಪ್ರಕರಣದಲ್ಲಿ ದೇಶದ ಗಮನಕ್ಕೆ ಬಂತು. ನಮ್ಮದೇ ರಾಜ್ಯದಲ್ಲಿ 1987ರಲ್ಲಿ ಹಾವೇರಿಯ ಕಡೆಯ ಕುಸನೂರಿನ ಜನ ಸಾಮೂಹಿಕ ಭೂಮಿಯಲ್ಲಿ ನೆಟ್ಟಿದ್ದ ನೀಲಗಿರಿಯನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ಹಚ್ಚಿದ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹವನ್ನು ಮರೆಯಬಾರದು. ಸಸಿ ನೆಡುವುದೂ ಹೋರಾಟವಾಗಬಲ್ಲದು; ಯಾರ ನೆಲದಲ್ಲಿ, ಯಾರ ಗಿಡ, ಯಾರಿಗಾಗಿ ಎಂದು ಕೇಳಿದಾಗ ಮಾತ್ರ. ಬಳ್ಳಾರಿಯ ಕಬ್ಬಿಣದ ಅದಿರಿನ ಗಣಿಗಳಿಗೆ 2011ರ ನಂತರ ನ್ಯಾಯಾಲಯದ ಆದೇಶದಂತೆ ಗಣಿವಾರು ಪುನಶ್ಚೇತನ ಯೋಜನೆಗಳು ಬಂದವು. ಸುಣ್ಣದ ಕಲ್ಲಿನ ನೆಲಕ್ಕೂ ಅಂಥ ಕಟ್ಟುನಿಟ್ಟು ಏಕೆ ಬೇಡ?

ಇನ್ನೊಂದು ವಿಷಯ ಗಮನಿಸಿ. 2022ರಲ್ಲಿ ಎ.ಸಿ.ಸಿ., 2025ರಲ್ಲಿ ಓರಿಯೆಂಟ್ ಸಿಮೆಂಟ್ ಅದಾನಿ ಸಮೂಹದ ಪಾಲಾದವು. ಸೇಡಂನ ವಾಸವದತ್ತಾ ಕಾರ್ಖಾನೆಯನ್ನು ಹೊಂದಿದ್ದ ಕೇಶೋರಾಂನ ಸಿಮೆಂಟ್ ವ್ಯವಹಾರ 2025ರಲ್ಲಿ ಅಲ್ಟ್ರಾಟೆಕ್‌ನಲ್ಲಿ ವಿಲೀನವಾಯಿತು. ಇದರಲ್ಲಿ ತಪ್ಪು ಹುಡುಕುವುದು ನನ್ನ ಉದ್ದೇಶವಲ್ಲ. ವ್ಯಾಪಾರದಲ್ಲಿ ಕೈ ಬದಲಾಗುವುದು ಇದ್ದದ್ದೇ. ಆದರೆ ಫಲಕ ಬದಲಾದಂತೆ ಗುಂಡಿ ಬದಲಾಗುವುದಿಲ್ಲ. ಮಾಲೀಕರ ದಫ್ತರ ಮುಂಬೈಗೋ ಅಹಮದಾಬಾದಿಗೋ ಹೋಗಬಹುದು. ಊರಿನ ದಫ್ತರ ಊರಿನಲ್ಲೇ ಇರಬೇಕು. ಯಾವ ಸರ್ವೆ ನಂಬರಿನಲ್ಲಿ ಎಷ್ಟು ಎಕರೆ ಅಗೆದರು, ಮಣ್ಣನ್ನು ಎಲ್ಲಿ ಗುಡ್ಡೆ ಹಾಕಿದರು, ಎಷ್ಟು ಎಕರೆ ತಿರುಗಿ ಹಸಿರಾಯಿತು ಎಂಬುದನ್ನು ಗ್ರಾಮ ಪಂಚಾಯಿತಿಯೇ ಬರೆದಿಡದಿದ್ದರೆ ನಾಳೆ ಸಾಕ್ಷಿ ಹೇಳುವವರು ಯಾರು?

ಗುಡ್ಡದವರಿಗೆ ಇದೇಕೆ?

'ಗಣಿ ತಗ್ಗಿನವರ ಸಮಸ್ಯೆ, ನಾವು ಗುಡ್ಡದ ಮೇಲಿದ್ದೇವೆ' ಎಂದು ನಮ್ಮ ಕೊಂಚಾವರಂ ಭಾಗದ ಬಂಧುಗಳು ಹೇಳುವುದುಂಟು. ಗುಡ್ಡದ ಮಗ್ಗುಲಲ್ಲೇ ಮನೆ ಮಾಡಿಕೊಂಡಿರುವ ನಾನು ಅವರಿಗೆ ಹೇಳುವುದಿಷ್ಟು.

ಚಿಂಚೋಳಿಯ ಗುಡ್ಡಗಳು ಕಪ್ಪು ಬಸಾಲ್ಟ್ ಕಲ್ಲಿನವು. ಅವುಗಳ ನೆತ್ತಿಯ ಮೇಲೆ ಅಲ್ಲಲ್ಲಿ ಜಂಬಿಟ್ಟಿಗೆಯ, ಅಂದರೆ ರಂಧ್ರಗಳಿಂದ ಕೂಡಿದ ಕೆಂಪು ಕಲ್ಲಿನ ಟೊಪ್ಪಿಗೆಯಿದೆ. ಮಳೆನೀರನ್ನು ಸ್ಪಂಜಿನಂತೆ ಹೀರಿ, ಬೇಸಿಗೆಯಲ್ಲಿ ಝರಿಯಾಗಿ ಬಿಡುವುದು ಈ ಟೊಪ್ಪಿಗೆ. ಅದರ ಗುಣವನ್ನು ಬಹಮನಿ ಕಾಲದವರೇ ಅರಿತಿದ್ದರು. ನೆರೆಯ ಬೀದರಿನ ನೌಬಾದಿನಲ್ಲಿರುವ ಕರೇಜ್ ಎಂಬ ಸುರಂಗ ಕಾಲುವೆ ಇದೇ ಕೆಂಪು ಕಲ್ಲು ಹಿಡಿದಿಟ್ಟ ನೀರನ್ನು ನೆಲದಡಿಯಲ್ಲಿ ಹರಿಸಿ ತರಲು ಕೊರೆದದ್ದು. ಆದರೆ ಸಿಮೆಂಟ್ ತಯಾರಿಕೆಗೆ ಸುಣ್ಣದ ಕಲ್ಲಿನ ಜೊತೆ ಕಬ್ಬಿಣ ಮತ್ತು ಅಲ್ಯೂಮಿನಾ ಅಂಶಕ್ಕಾಗಿ ಇದೇ ಕೆಂಪು ಕಲ್ಲು ಬೇಕಾಗುತ್ತದೆ. ತಗ್ಗಿನ ಒಲೆಗೆ ಗುಡ್ಡದ ಟೊಪ್ಪಿಗೆಯೂ ಇಂಧನದಷ್ಟೇ ಅಗತ್ಯ. ಇನ್ನು ಗುಡ್ಡ ದೂರವೆಲ್ಲಿ?

ನೀರಿನ ಸಂಬಂಧವಂತೂ ರಕ್ತಸಂಬಂಧದಂತೆ. ಚಿಂಚೋಳಿಯನ್ನು ಹಾದು ಬರುವ ಮುಲ್ಲಾಮಾರಿ, ತಾಂಡೂರಿನ ಕಡೆಯಿಂದ ಬರುವ ಕಾಗಿಣಾವನ್ನು ಸೇರುತ್ತದೆ. ಕಾಗಿಣಾ ಸೇಡಂ, ಮಳಖೇಡ, ಚಿತ್ತಾಪುರದ ಸೀಮೆಗಳನ್ನು ದಾಟಿ ಶಹಾಬಾದದ ಬಳಿ ಭೀಮೆಯ ಮಡಿಲು ಸೇರುತ್ತದೆ. ಗುಡ್ಡ ಬೋಳಾದರೆ ಮಳೆ ನಿಲ್ಲದೆ ಓಡುತ್ತದೆ. 2020ರ ಅಕ್ಟೋಬರಿನಲ್ಲಿ ಮತ್ತು ಮತ್ತೆ 2025ರ ಸೆಪ್ಟೆಂಬರಿನಲ್ಲಿ ಕಾಗಿಣಾ ಉಕ್ಕಿ ಮಳಖೇಡವನ್ನು ನುಗ್ಗಿದ್ದನ್ನು ನಾವು ಕಂಡೆವು. ಎಲ್ಲ ನೆರೆಗೂ ಗುಡ್ಡವೇ ಕಾರಣವೆಂದು ನಾನು ಹೇಳುವುದಿಲ್ಲ. ಅಂಥ ಮಳೆಗೆ ಕಾಡೂ ತಡೆಯಲ್ಲ. ಆದರೆ ಸಾಧಾರಣ ಮಳೆಯನ್ನು ಹಿಡಿದಿಟ್ಟು ಬೇಸಿಗೆಗೆ ಕೊಡುವುದು ಗುಡ್ಡವೇ. 2011ರಲ್ಲಿ ಸುಮಾರು 134 ಚದರ ಕಿಲೋಮೀಟರ್ ಕಾಡನ್ನು ಚಿಂಚೋಳಿ ವನ್ಯಜೀವಿಧಾಮವೆಂದು ಘೋಷಿಸಿದ್ದು ತೋಳ, ಕತ್ತೆಕಿರುಬಗಳಿಗೆ ಮಾತ್ರ ಎಂದು ತಿಳಿಯಬೇಡಿ. ಚಂದ್ರಂಪಳ್ಳಿ ಕೆರೆಗೆ ನೀರು ಬರುವುದು ಆ ಕಾಡಿನಿಂದ. ಅದರ ನೆರಳಿನಲ್ಲಿ ಬಾಳುವ ತಾಂಡಾಗಳ ಜನರನ್ನು ಶತ್ರುಗಳಂತೆ ಕಾಣದೆ, ಕಾಡಿನ ಕಾವಲಿಗೆ ಅವರನ್ನೇ ಮೊದಲ ಪಾಲುದಾರರನ್ನಾಗಿ ಮಾಡಬೇಕು.

ನಮ್ಮ ತಾಂಡಾದ ಯುವಕರು ಸುಗ್ಗಿ ಮುಗಿದೊಡನೆ ಗುಳೆ ಹೋಗುವುದೆಲ್ಲಿಗೆ? ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡಗಳಿಗೆ. ಇಲ್ಲಿಯ ಕಲ್ಲು ಚೀಲದಲ್ಲಿ ಹೋಗುತ್ತದೆ. ಇಲ್ಲಿಯ ಮೈದುಡಿಮೆ ರೈಲಿನಲ್ಲಿ ಹೋಗುತ್ತದೆ. ಅಲ್ಲಿ ಇಬ್ಬರೂ ಕೂಡಿ ಇನ್ನೊಬ್ಬರ ಮನೆಯಾಗುತ್ತಾರೆ. ಇಲ್ಲಿ ಉಳಿಯುವುದು ಗುಂಡಿ ಮತ್ತು ಮುದುಕರು.

ನಮ್ಮ ಮನೆಯ ಕಸ

ಇಷ್ಟು ಹೇಳಿದ ಮೇಲೆ ನಮ್ಮ ತಪ್ಪನ್ನು ಮುಚ್ಚಿಡುವುದು ಸಲ್ಲದು. ಇನ್ನೊಬ್ಬರಿಂದ ಲೆಕ್ಕ ಕೇಳುವವರ ಮನೆಯ ದಫ್ತರ ಶುದ್ಧವಾಗಿರಬೇಕು.

ಮೊದಲನೆಯದು, ಖಣಿಗೆ ಕಸ ಸುರಿಯುವುದು. ಊರ ಕಸ, ಸತ್ತ ದನ, ಪಾಲಿಶ್ ಯಂತ್ರದ ಕೆಸರು, ಪ್ಲಾಸ್ಟಿಕ್ ಎಲ್ಲಕ್ಕೂ ನಮಗೆ ಕಾಣುವುದು ಹಳೆಯ ಖಣಿ. ಸುಣ್ಣದ ಕಲ್ಲಿನ ಪದರುಗಳ ನಡುವೆ ಬಿರುಕುಗಳಿರುತ್ತವೆ. ನೀರು ಮಣ್ಣಿನಲ್ಲಿ ಸೋಸಿಕೊಳ್ಳದೆ ನೇರವಾಗಿ ಆ ಬಿರುಕಿನಲ್ಲಿ ಹರಿಯುತ್ತದೆ. ಆದ್ದರಿಂದ ಖಣಿಯೆಂದರೆ ಊರ ಬಾವಿಯ ತೆರೆದ ಬಾಯಿ. ಅಲ್ಲಿ ಸುರಿದದ್ದು ನಿಮ್ಮ ಕೊಡದಲ್ಲಿ ಬರುತ್ತದೆ.

ಅದೇ ಖಣಿಯನ್ನು ಕಾಪಾಡಿದರೆ ಅದೇ ಸಂಪತ್ತು. ಐವತ್ತು ಮೀಟರ್ ಉದ್ದ, ಮೂವತ್ತು ಮೀಟರ್ ಅಗಲ, ಐದು ಮೀಟರ್ ಆಳದ ಖಣಿಯಲ್ಲಿ 75 ಲಕ್ಷ ಲೀಟರ್ ನೀರು ನಿಲ್ಲುತ್ತದೆ. ಒಂದು ಎಕರೆಗೆ ಹತ್ತು ಮಿಲಿಮೀಟರ್ ನೀರು ಹಾಯಿಸಲು ಸುಮಾರು 40 ಸಾವಿರ ಲೀಟರ್ ಬೇಕು. ಕಾಯಿ ಕಟ್ಟುವ ಹೊತ್ತಿಗೆ ಭೂಮಿ ಒಣಗಿದ ವರ್ಷ ತೊಗರಿಗೆ ಐವತ್ತು ಮಿಲಿಮೀಟರಿನ ಒಂದೇ ಒಂದು ನೀರು ಕೊಟ್ಟರೂ ಬೆಳೆ ಉಳಿಯುತ್ತದೆ. ಬಿಸಿಲಿಗೆ ಆರುವುದನ್ನು, ಇಂಗುವುದನ್ನು ಕಳೆದು ಅರ್ಧವೇ ಉಳಿಯಿತೆಂದುಕೊಂಡರೂ ಒಂದು ಖಣಿಯ ನೀರು ಹದಿನೆಂಟು ಎಕರೆಯ ಬೆಳೆಯನ್ನು ಕಾಯಬಲ್ಲದು. ಅದಕ್ಕೆ ಬೇಕಾದದ್ದು ಸುತ್ತ ಬೇಲಿ, ಇಳಿಯಲು ಒಂದು ಕಡೆ ಇಳಿಜಾರು, ಬರುವ ನೀರಿನ ದಾರಿಯಲ್ಲಿ ಹೂಳು ತಡೆಯುವ ಸಣ್ಣ ಹೊಂಡ, ಮತ್ತು ವರ್ಷಕ್ಕೊಮ್ಮೆ ನೀರಿನ ಪರೀಕ್ಷೆ. ಪರೀಕ್ಷೆಯಾಗದ ಖಣಿಯ ನೀರನ್ನು ಕುಡಿಯಲು ಬಳಸಬೇಡಿ.

ಎರಡನೆಯದು, ಹೊಲದಲ್ಲಿ ತೊಗರಿ ಕಟ್ಟಿಗೆ ಸುಡುವುದು. ತೊಗರಿ ಗಿಡ ಎಲೆ ಉದುರಿಸಿ, ಬೇರಿನ ಗಂಟಿನಲ್ಲಿ ಗಾಳಿಯ ಸಾರಜನಕ ಹಿಡಿದು, ಹೆಕ್ಟೇರಿಗೆ ಸುಮಾರು 40 ಕಿಲೋವರೆಗೆ ಸಾರಜನಕವನ್ನು ನೆಲಕ್ಕೆ ಕೊಟ್ಟು ಹೋಗುತ್ತದೆ. ಅಂಥ ಉಪಕಾರಿಯ ಒಡಲನ್ನು ನಾವು ಬೆಂಕಿಗಿಡುತ್ತೇವೆ. ಒಲೆಗೆ ಬೇಕಾದಷ್ಟು ಮನೆಗೆ ಒಯ್ಯಿರಿ. ಹೊಗೆ ಕಡಿಮೆಯಿರುವ ಅಸ್ತ್ರ ಒಲೆ ಕಟ್ಟಿಕೊಳ್ಳಿರಿ. ಉಳಿದದ್ದನ್ನು ತುಂಡರಿಸಿ, ಸಗಣಿ ಬೆರೆಸಿ ಕೊಳೆಸಿರಿ. ಕಾರ್ಖಾನೆಯ ಹೊಗೆಗೆ ಬಾಯಿ ಮಾಡುವ ನಮ್ಮ ಹೊಲದ ಹೊಗೆಯನ್ನು ಅವರು ತೋರಿಸಿದಾಗ ಉತ್ತರವಿಲ್ಲದಂತಾಗಬಾರದು.

ಮೂರನೆಯದು, ವರ್ಷದ ಮೇಲೆ ವರ್ಷ ತೊಗರಿಯನ್ನೇ ಬಿತ್ತುವುದು. 2022ರಲ್ಲಿ ನೆಟೆ ರೋಗ ಬಂದು ನಿಂತ ಬೆಳೆ ನಿಂತಲ್ಲೇ ಒಣಗಿದ್ದು ನೆನಪಿರಬಹುದು. ಆ ವರ್ಷದ ಹವಾಮಾನವೂ ಕಾರಣ, ನಾವೂ ಕಾರಣ. ರೋಗದ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಅದೇ ಬೆಳೆ ಮತ್ತೆ ಸಿಕ್ಕರೆ ಅದಕ್ಕೆ ಹಬ್ಬ. ನಡುವೆ ಜೋಳ ಹಾಕಿದರೆ ಸೊರಗು ಕಡಿಮೆಯಾಗುವುದು ಪ್ರಯೋಗಗಳಲ್ಲಿ ಸಾಬೀತಾಗಿದೆ. ನಮ್ಮ ಅಜ್ಜಂದಿರು ತೊಗರಿಯ ಸಾಲಿನ ನಡುವೆ ಜೋಳ, ಹೆಸರು, ಎಳ್ಳು ಹಾಕುತ್ತಿದ್ದುದು ಸುಮ್ಮನಲ್ಲ. ಟ್ರೈಕೋಡರ್ಮಾ ಬೆರೆಸಿದ ಗೊಬ್ಬರ, ಬೇವಿನ ಬೀಜದ ಕಷಾಯ, ಕಾಯಿಕೊರಕವನ್ನು ಹೆಕ್ಕುವ ಹಕ್ಕಿಗಳಿಗೆ ಕೂರಲು ಕೋಲು, ಗಿಡ ಜಾಡಿಸಿ ಹುಳು ಆರಿಸುವುದು ಇವೆಲ್ಲ ಸಾಲ ಮಾಡಿಸದ ಉಪಾಯಗಳು.

ನಾಲ್ಕನೆಯದು, ಮನೆ ಕಟ್ಟುವ ರೀತಿ. ಮಗ್ಗುಲಲ್ಲೇ ಪರಸಿ ಕಲ್ಲು ಇರುವಾಗ ಗೋಡೆ, ನೆಲ, ಕಂಪೌಂಡು, ಕಟ್ಟೆ ಎಲ್ಲಕ್ಕೂ ಸಿಮೆಂಟಿನ ಇಟ್ಟಿಗೆ ತರುವುದು ನಮ್ಮಲ್ಲಿ ಪ್ರತಿಷ್ಠೆಯಾಗಿದೆ. ಖಣಿಯ ಪಕ್ಕ ರಾಶಿ ಬಿದ್ದಿರುವ ತುಂಡುಕಲ್ಲಿನಿಂದ ಹೊಲದ ಒಡ್ಡು, ದನದ ಕೊಟ್ಟಿಗೆ, ಇಂಗುಗುಂಡಿ, ಶಾಲೆಯ ಕಂಪೌಂಡು ಕಟ್ಟಬಹುದು. ಸುಡದ ಕಲ್ಲು ಹೊಗೆ ಬಿಡುವುದಿಲ್ಲ. ಊರಿನ ಕಲ್ಲುಕುಟಿಗನಿಗೆ ಕೂಲಿಯೂ ಊರಿನಲ್ಲೇ ಉಳಿಯುತ್ತದೆ.

ಆಕ್ಷೇಪಗಳಿಗೆ ಉತ್ತರ

'ನಿಮ್ಮ ಮನೆಯೂ ಸಿಮೆಂಟಿನದೇ ಅಲ್ಲವೇ?' ಎಂದು ಕೇಳುವವರಿಗೆ: ಹೌದು, ಅದರಲ್ಲಿ ಸಿಮೆಂಟಿದೆ. ಆಸ್ಪತ್ರೆ, ಸೇತುವೆಗಳಿಗೂ ಸಿಮೆಂಟ್ ಬೇಕು. ಅಂಗಡಿಯಲ್ಲಿ ಬೆಲ್ಲ ಕೊಂಡವನು ತೂಕ ಸರಿಯಿದೆಯೇ ಎಂದು ಕೇಳಬಾರದೆಂಬ ನಿಯಮವೆಲ್ಲೂ ಇಲ್ಲ.

'ಕಾರ್ಖಾನೆ ಉದ್ಯೋಗ ಕೊಟ್ಟಿದೆ' ಎನ್ನುವವರಿಗೆ: ಕೊಟ್ಟಿದೆ, ಸಂತೋಷ. ಹಾಗಾದರೆ ಗುಂಡಿ ತುಂಬುವುದು, ಮಣ್ಣು ಹರಡುವುದು, ಹುಲ್ಲು ಬೆಳೆಸುವುದು, ಖಣಿಗೆ ಬೇಲಿ ಹಾಕುವುದು ಕೂಡ ಉದ್ಯೋಗವೇ. ಅಗೆಯುವ ಕೆಲಸ ಯಂತ್ರಕ್ಕೆ ಹೋಗಿದೆ. ನೆಲವನ್ನು ಮತ್ತೆ ಎಬ್ಬಿಸುವ ಕೆಲಸಕ್ಕೆ ಕೈಗಳು ಬೇಕು. ಗುಳೆ ಹೋದವರನ್ನು ಆ ಕೆಲಸಕ್ಕೆ ಕರೆಸಿರಿ.

'ನಾವು ಇಷ್ಟು ಲಕ್ಷ ಸಸಿ ನೆಟ್ಟಿದ್ದೇವೆ' ಎನ್ನುವವರಿಗೆ: ನೆಟ್ಟದ್ದನ್ನಲ್ಲ, ಮೂರನೆಯ ಬೇಸಿಗೆ ದಾಟಿದ್ದನ್ನು ಹೇಳಿರಿ. ಅದೂ ಕಾರ್ಖಾನೆಯ ಹುಲ್ಲುಹಾಸಿನ ಮಗ್ಗುಲಲ್ಲಿ ಅಲ್ಲ, ಅಗೆದ ನೆಲದಲ್ಲಿ. ಬೇವು, ಕಮರ, ಬನ್ನಿ, ಸೀತಾಫಲ ನಮ್ಮ ಕಲ್ಲುನೆಲವನ್ನು ತಾಳಿಕೊಳ್ಳುವ ಗಿಡಗಳು. ಅವಕ್ಕೂ ಮೊದಲು ಮಣ್ಣು ಬೇಕು, ನಂತರ ಹುಲ್ಲು, ಆಮೇಲೆ ಗಿಡ. ಈ ಕ್ರಮವನ್ನು ತಿರುಗಿಸಿದರೆ ನನ್ನ ಮುನ್ನೂರು ಸಸಿಗಳ ಗತಿಯೇ ಅವಕ್ಕೂ.

ನಮ್ಮ ಬೇಡಿಕೆಗಳು

1. ಗಣಿ ಗುತ್ತಿಗೆಯಿರುವ ಪ್ರತಿ ಗ್ರಾಮದಲ್ಲಿ ಅಗೆದ ನೆಲ, ಕೂಡಿಟ್ಟ ಮೇಲ್ಮಣ್ಣು, ಪುನಶ್ಚೇತನಗೊಂಡ ನೆಲ ಎಷ್ಟೆಂಬುದನ್ನು ಕನ್ನಡದಲ್ಲಿ ಬರೆದು ಪಂಚಾಯಿತಿಯ ಗೋಡೆಗೆ ಪ್ರತಿ ವರ್ಷ ಹಚ್ಚಬೇಕು.

2. ಜಿಲ್ಲಾ ಖನಿಜ ಪ್ರತಿಷ್ಠಾನದ ಜಮಾ ಖರ್ಚನ್ನು ಗ್ರಾಮಸಭೆಯಲ್ಲಿ ಓದಬೇಕು. ಬಿಟ್ಟುಹೋದ ಖಣಿಗಳ ಬೇಲಿ, ನೀರಿನ ಪರೀಕ್ಷೆ ಮತ್ತು ದುರಸ್ತಿಗೆ ಅದರಲ್ಲಿ ಪ್ರತ್ಯೇಕ ಬಾಬು ಇಡಬೇಕು.

3. ಅಗೆದು ಮುಗಿಸಿದ ನೆಲದಲ್ಲಿ ಹುಲ್ಲು ಬೆಳೆಸಬೇಕೆಂಬ 2020ರ ನಿರ್ದೇಶನದ ಪಾಲನೆಯನ್ನು ಕುರಿಗಾರರ ಸಮ್ಮುಖದಲ್ಲಿ ಪರಿಶೀಲಿಸಬೇಕು.

4. ಗುಡ್ಡದ ನೆತ್ತಿಯ ಕೆಂಪು ಕಲ್ಲಿನ ಗಣಿಗಾರಿಕೆಗೆ ಅನುಮತಿ ಕೊಡುವ ಮೊದಲು ಕೆಳಗಿನ ಝರಿ, ಬಾವಿಗಳ ಪಟ್ಟಿ ಮಾಡಬೇಕು.

5. ಪಟ್ಟಣ, ಪಂಚಾಯಿತಿಗಳು ಖಣಿಗೆ ಕಸ ಸುರಿಯುವುದನ್ನು ಕೂಡಲೇ ನಿಲ್ಲಿಸಬೇಕು.

ಬೇಡಿಕೆ ಬರೆದು ಕೈಕಟ್ಟಿ ಕುಳಿತರೆ ಆಗದು. ವಿದ್ಯಾರ್ಥಿ ಮಿತ್ರರೇ, ಇಲ್ಲಿ ನಿಮ್ಮ ಕೆಲಸವಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಕಟ್ಟಿ ಕನ್ನಡದಲ್ಲೇ ಅರ್ಜಿ ಬರೆಯಬಹುದು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಪರಿಸರ ಅನುಮತಿ ಪಡೆದ ಪ್ರತಿ ಗಣಿಯೂ ಷರತ್ತುಗಳ ಪಾಲನೆಯ ವರದಿಯನ್ನು ವರ್ಷಕ್ಕೆರಡು ಬಾರಿ, ಜೂನ್ 1 ಮತ್ತು ಡಿಸೆಂಬರ್ 1ರಂದು ಸಲ್ಲಿಸಬೇಕೆಂದು 2006ರ ಅಧಿಸೂಚನೆ ಹೇಳುತ್ತದೆ. ಅದು ಸಾರ್ವಜನಿಕ ದಾಖಲೆ. ಮೊದಲ ಅರ್ಜಿಯಲ್ಲಿ ಅದನ್ನೇ ಕೇಳಿರಿ. ವರದಿ ಕೈಗೆ ಬಂದ ಮೇಲೆ ಅಳತೆ ಟೇಪು ಹಿಡಿದು ಹಿರಿಯರೊಬ್ಬರ ಜೊತೆ ಗುಂಡಿಯ ದಂಡೆಗೆ ಹೋಗಿರಿ. ಕಾಗದದ ಮೇಲೆ ಹಸಿರಾದ ನೆಲ ಕಣ್ಣಿಗೂ ಹಸಿರಾಗಿ ಕಾಣುತ್ತದೆಯೇ ನೋಡಿರಿ. ಕಂಡದ್ದನ್ನು ಬರೆದು ಗ್ರಾಮಸಭೆಯಲ್ಲಿ ಓದಿರಿ. ಸಾರ್ವಜನಿಕ ಆಲಿಕೆ ಸಭೆ ನಡೆಯುವುದಾದರೆ ಮೂವತ್ತು ದಿನ ಮೊದಲೇ ಪ್ರಕಟಣೆ ಬರಬೇಕು; ಅದು ಬಂದ ದಿನವೇ ಸಾರಾಂಶವನ್ನು ಪಡೆದು ಓದಿರಿ. ಸಭೆಯ ದಿನ ಊಟದ ಪೊಟ್ಟಣಕ್ಕೆ ಸಾಲು ನಿಲ್ಲುವುದಕ್ಕಿಂತ ಪ್ರಶ್ನೆ ಕೇಳಲು ಸಾಲು ನಿಲ್ಲುವುದು ಮೇಲು.

ಬರುವ ಜೂನ್ 5ರಂದು ಅತಿಥಿಗಳು ಮತ್ತೆ ಬರುತ್ತಾರೆ. ಬರಲಿ. ಅವರಿಗೆ ಆರತಿ, ಹಾರ ಎಲ್ಲವೂ ಆಗಲಿ. ನಮ್ಮ ಸೀಮೆಯಲ್ಲಿ ಬಂದವರನ್ನು ಬರಿಗೈಲಿ ಕಳಿಸುವ ರೂಢಿಯಿಲ್ಲ. ಆದರೆ ಸಸಿಯನ್ನು ಕೈಗೆ ಕೊಡುವ ಮೊದಲು ಒಂದು ಮಾತು ಕೇಳೋಣ: "ಅತಿಥಿಗಳೇ, ಈ ಕುಣಿ ನಾವು ತೋಡಿದ್ದು, ಅದಕ್ಕೆ ಮಣ್ಣು ನಾವು ಹಾಕುತ್ತೇವೆ. ಆಚೆಗಿರುವ ಆ ದೊಡ್ಡ ಗುಂಡಿ ನೀವು ತೋಡಿದ್ದು. ಅದರ ಮಣ್ಣು ಎಲ್ಲಿ?"